ತಲೆ ಮೇಲಿನ ತಗಡು

ಗಟ್ಟಿ ಚಾವಣಿಯ ಕೂಪೆ ತಗೊಳ್ಳಲೋ ಚಾವಣಿ ಮಡಚುವ ಕನ್ವರ್ಟಿಬಲ್ ತಗೊಳ್ಳಲೋ ಎಂದು ಕೇಳುವವರಿಗೆ ನನ್ನ ಹತ್ತಿರ ಈಗ ಇರುವುದು ಒಂದೇ ಉತ್ತರ: ಇರುವುದು ಕಲಬುರಗಿಯಲ್ಲಾದರೆ ಕೂಪೆ. ಈ ಉತ್ತರ ನನಗೆ ಅಗ್ಗಕ್ಕೆ ಸಿಕ್ಕಿದ್ದಲ್ಲ. ಹಟ ನನ್ನದು, ದುಡ್ಡೂ ನನ್ನದೇ. ಬೇಡ ಅಂದ ಮನೆಯವರ ಲೆಕ್ಕ ನನ್ನ ಲೆಕ್ಕಕ್ಕಿಂತ ಸರಿಯಿತ್ತು ಎನ್ನುವುದನ್ನೂ ಒಪ್ಪಿಕೊಂಡುಬಿಡುತ್ತೇನೆ. ಆದರೆ ಆ ಕಥೆ ಇಲ್ಲಿ ಹೇಳುವುದಿಲ್ಲ. ಕಥೆ ಶುರುವಾದರೆ ತಪ್ಪು ಯಾರದು ಎನ್ನುವಲ್ಲೇ ಮಾತು ಸುತ್ತುತ್ತದೆ. ಶೋರೂಮಿನ ಹುಡುಗ, ಬೆನ್ನು ತಟ್ಟಿದ ಗೆಳೆಯರು, ಎಲ್ಲರೂ ಬಂದು ಹೋಗುತ್ತಾರೆ, ಕಾರಣ ಮಾತ್ರ ಮೂಲೆಯಲ್ಲಿ ಉಳಿದುಬಿಡುತ್ತದೆ. ಕಾರಣ ಇಷ್ಟೇ: ಕಾರಿನ ಚಾವಣಿಯನ್ನು ನಾವು ಟೋಪಿ ಎಂದುಕೊಂಡಿದ್ದೇವೆ, ಬೇಕಾದಾಗ ಹಾಕಿಕೊಂಡು ಬೇಡವಾದಾಗ ತೆಗೆಯುವಂಥದ್ದು. ಅದು ಟೋಪಿಯಲ್ಲ, ಎಲುಬು.

ಅಡುಗೆಮನೆಯಲ್ಲಿ ಹದಿನೈದು ಕಿಲೋ ಎಣ್ಣೆಯ ತಗಡಿನ ಡಬ್ಬಿ ಖಾಲಿಯಾದ ಮೇಲೆ ಮೇಲ್ಭಾಗ ಕತ್ತರಿಸಿ ತೊಗರಿಬೇಳೆ ತುಂಬಿಡುವುದು ನಮ್ಮ ಕಡೆ ಎಲ್ಲ ಮನೆಯ ರೂಢಿ. ಕತ್ತರಿಸುವ ಮೊದಲು ಆ ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು ಒಗೆದ ಬಟ್ಟೆ ಹಿಂಡಿದಂತೆ ತಿರುಚಿ ನೋಡಿ, ಜಗ್ಗುವುದಿಲ್ಲ. ಕತ್ತರಿಸಿದ ಮೇಲೆ ತಿರುಚಿ, ಬಾಯಿ ಓರೆಯಾಗುತ್ತದೆ. ಹೋದದ್ದು ಆರರಲ್ಲಿ ಒಂದೇ ಮುಖ, ಆದರೆ ಗಟ್ಟಿತನದ ಬಹುಪಾಲು ಅದರ ಜೊತೆಗೇ ಹೋಯಿತು. ಕಾರಿನಲ್ಲಿ ಆಗುವುದೂ ಇದೇ. ಚಾವಣಿ ತೆಗೆದ ಮೇಲೆ ಎಂಜಿನಿಯರು ಆ ಗಟ್ಟಿತನವನ್ನು ಬೇರೆ ಕಡೆಯಿಂದ ತುಂಬಿಕೊಡಬೇಕು: ಬಾಗಿಲ ಕೆಳಗಿನ ಹೊಸ್ತಿಲು ದಪ್ಪವಾಗುತ್ತದೆ, ನೆಲಕ್ಕೆ ಅಡ್ಡಪಟ್ಟಿ ಬೀಳುತ್ತವೆ, ಮುಂದಿನ ಗಾಜಿನ ಚೌಕಟ್ಟಿಗೆ ಉಕ್ಕು ಸೇರುತ್ತದೆ, ಕಾರು ಪಲ್ಟಿಯಾದರೆ ತಲೆ ಉಳಿಸಲು ಸೀಟಿನ ಹಿಂದೆ ಕಮಾನು ಬರುತ್ತದೆ, ಚಾವಣಿ ಮಡಚುವ ಮೋಟರು ಬೇರೆ. ನಾಲ್ಕು ಸೀಟಿನ ಕೂಪೆಯನ್ನು ಕನ್ವರ್ಟಿಬಲ್ ಮಾಡಿದಾಗ ನೂರು ಕಿಲೋ ಮೀರಿ ತೂಕ ಏರುವುದು ಸಾಮಾನ್ಯ. ಮಜ್ದಾ ಎಂಎಕ್ಸ್-5ನಂತೆ 1989ರಿಂದಲೂ ತೆರೆದ ಕಾರಾಗಿಯೇ ಹುಟ್ಟಿದವುಗಳ ಮಾತು ಬೇರೆ, ಅವುಗಳ ನೆಲವೇ ಅದಕ್ಕೆಂದು ಕಟ್ಟಿದ್ದು; ಅದು ನಮ್ಮ ಮಾರುಕಟ್ಟೆಗೆ ಬಂದೇ ಇಲ್ಲ. ಒಂದು ತಮಾಷೆಯೂ ಇದೆ. ಕೂಪೆ ಎಂದರೆ ಫ್ರೆಂಚಿನಲ್ಲಿ ಕತ್ತರಿಸಿದ್ದು. ದೊಡ್ಡ ಸಾರೋಟನ್ನು ಮೊಟಕು ಮಾಡಿದ್ದರಿಂದ ಆ ಹೆಸರು. ನಿಜವಾಗಿ ಕತ್ತರಿ ಬಿದ್ದದ್ದು ಇನ್ನೊಂದಕ್ಕೆ.

ಗಟ್ಟಿತನದ ಈ ಮಾತು ಯುರೋಪಿನ ನುಣುಪು ರಸ್ತೆಯಲ್ಲಿ ಪುಸ್ತಕದ ಮಾತಾಗಿ ಉಳಿಯಬಹುದು. ಕಲಬುರಗಿಯ ರೋಜಾದಿಂದ ಕಮಲಾಪುರಕ್ಕೆ ಹೋಗುವವರಿಗೆ ಉಳಿಯುವುದಿಲ್ಲ. ಬಂದೇ ನವಾಜರ ದರ್ಗಾದ ಸುತ್ತಲಿನ ಓಣಿಗಳಿಂದ ಹೊರಬಿದ್ದು ಹುಮನಾಬಾದ್ ರಸ್ತೆ ಹಿಡಿದರೆ ಊರಿಗೊಂದು ಹಂಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪಿನ ಅಳತೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ನಮ್ಮ ಊರುಗಳ ಹಂಪಿಗೆ ಈ ಅಳತೆಯ ಪರಿಚಯ ಕಡಿಮೆ. ಯಾರದೋ ಎಮ್ಮೆಗೋ ಮಗುವಿಗೋ ಪೆಟ್ಟಾದ ಮರುದಿನ, ಆ ಸಿಟ್ಟಿನ ಅಳತೆಯಲ್ಲಿ ಏಳುವ ಹಂಪುಗಳವು. ಸ್ಪೋರ್ಟ್ಸ್ ಕಾರಿನ ಹೊಟ್ಟೆ ನೆಲದಿಂದ ಹನ್ನೆರಡು-ಹದಿಮೂರು ಸೆಂಟಿಮೀಟರ್ ಮೇಲಿದ್ದರೆ ಹೆಚ್ಚು. ಹೊಟ್ಟೆ ಉಜ್ಜದಂತೆ ದಾಟಲು ಎಲ್ಲರೂ ಮಾಡುವ ಉಪಾಯವೆಂದರೆ ಓರೆಯಾಗಿ ಹತ್ತಿಸುವುದು, ಒಂದೊಂದೇ ಗಾಲಿ. ಕಾರನ್ನು ಮೂಲೆಯಿಂದ ಮೂಲೆಗೆ ತಿರುಚುವುದಕ್ಕೆ ಇದಕ್ಕಿಂತ ಒಳ್ಳೆಯ ವಿಧಾನ ಪ್ರಯೋಗಾಲಯದಲ್ಲೂ ಸಿಗಲಿಕ್ಕಿಲ್ಲ. ಕೂಪೆ ಇದನ್ನು ಸ್ಪ್ರಿಂಗಿಗೆ ಬಿಟ್ಟು ಸುಮ್ಮನಿರುತ್ತದೆ. ಕನ್ವರ್ಟಿಬಲ್ಲಿನಲ್ಲಿ ಸ್ಟೀರಿಂಗು ಕೈಯೊಳಗೆ ಸಣ್ಣಗೆ ನಡುಗುತ್ತದೆ, ನೋಡುಗನ್ನಡಿಯಲ್ಲಿ ಹಿಂದಿನ ಲಾರಿ ಎರಡಾಗಿ ಕಾಣುತ್ತದೆ, ಹುಡ್ಡಿನ ಕೊಂಡಿ ಕಿರ್ರ್ ಅನ್ನುತ್ತದೆ. ಒಮ್ಮೆಗೆ ಇದು ಏನೂ ಅಲ್ಲ. ದಿನಕ್ಕೆ ಇಪ್ಪತ್ತು ಸಲ, ಮೂರು ವರ್ಷ ಆಗುವಾಗ ಬಾಗಿಲ ಸಂದಿಯ ರಬ್ಬರು ಮೊದಲಿನ ಜಾಗದಲ್ಲಿ ಕೂಡುವುದನ್ನು ಬಿಟ್ಟಿರುತ್ತದೆ.

ಇನ್ನು ಬಿಸಿಲು. ಏಪ್ರಿಲ್-ಮೇ ತಿಂಗಳಲ್ಲಿ 42 ಡಿಗ್ರಿ ಎನ್ನುವುದು ಕಲಬುರಗಿಯಲ್ಲಿ ಸುದ್ದಿಯಲ್ಲ, ಸುದ್ದಿಯಾಗಲು ಅದರ ಮೇಲೆ ಇನ್ನೆರಡು ಬೇಕು. ಊರು ಇರುವುದು ಉತ್ತರ ಅಕ್ಷಾಂಶ 17.3ರ ಆಸುಪಾಸಿನಲ್ಲಿ, ಹಾಗಾಗಿ ಮೇ 9-10ರ ಸುಮಾರಿಗೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ನಿಲ್ಲುತ್ತಾನೆ, ಕಂಬದ ನೆರಳು ಕಂಬದ ಬುಡದಲ್ಲೇ ಮುಗಿಯುತ್ತದೆ. ಎಂದರೆ ಮುಂದಿನ ಗಾಜಿನಿಂದಲೂ ಪಕ್ಕದ ಬಾಗಿಲಿನಿಂದಲೂ ಒಂದು ಚೂರು ನೆರಳು ಸಿಗದ ಹೊತ್ತು ಅದು. ನೆರಳು ಕೊಡಬಲ್ಲ ಏಕೈಕ ವಸ್ತು ಚಾವಣಿ, ಅದನ್ನೇ ಮಡಚಿ ಡಿಕ್ಕಿಗೆ ಹಾಕಿರುತ್ತೇವೆ. ಆ ಹೊತ್ತಿನ ಬಿಸಿಲು ಒಂದು ಚದರ ಮೀಟರಿಗೆ ಸುಮಾರು ಒಂದು ಕಿಲೋವ್ಯಾಟ್ ಸುರಿಯುತ್ತದೆ. ಇಬ್ಬರು ಕೂಡುವ ಜಾಗ ಹತ್ತಿರ ಹತ್ತಿರ ಎರಡು ಚದರ ಮೀಟರ್. ಎರಡು ಇಸ್ತ್ರಿ ಪೆಟ್ಟಿಗೆ ಮಡಿಲಲ್ಲಿ ಇಟ್ಟುಕೊಂಡು ಕೂತಂತೆ ಲೆಕ್ಕ ಹಾಕಿ. ಓಡುವಾಗ ಗಾಳಿ ಬರುತ್ತದಲ್ಲ ಅನ್ನುತ್ತಾರೆ. ಗಾಳಿ ತಂಪೆನಿಸುವುದು ಅದು ಚರ್ಮಕ್ಕಿಂತ ತಣ್ಣಗಿದ್ದಾಗ. ಚರ್ಮದ ಬಿಸಿ 34-35 ಡಿಗ್ರಿ. 42ರ ಗಾಳಿ ಮೈಗೆ ಕಾವು ಕೊಡುತ್ತದೆಯೇ ಹೊರತು ತೆಗೆದುಕೊಳ್ಳುವುದಿಲ್ಲ, ಬೆವರು ಆರುವಷ್ಟು ಹೊತ್ತು ಮಾತ್ರ ಸಮಾಧಾನ. ಗಂಟೆಗೆ ಎಂಬತ್ತರ ವೇಗದಲ್ಲಿ ಬೆವರು ಹುಟ್ಟುವ ಮೊದಲೇ ಆರುತ್ತದೆ. ಆಮೇಲೆ ತುಟಿ ಒಡೆಯುತ್ತದೆ, ಕಣ್ಣು ಮರಳು ಹೊಕ್ಕಂತೆ ಉರಿಯುತ್ತದೆ, ಸೀಟ್ ಬೆಲ್ಟಿನ ಉಕ್ಕಿನ ನಾಲಿಗೆ ಬೆರಳಿಗೆ ಚುರ್ರೆನ್ನುತ್ತದೆ, ಗೇರಿನ ಗುಂಡಿಗೆ ಕರವಸ್ತ್ರ ಸುತ್ತಬೇಕಾಗುತ್ತದೆ. ರೈಲ್ವೆ ಗೇಟೋ ಲಾರಿ ಸಾಲೋ ಅಡ್ಡ ಬಂದು ನಿಂತರೆ ಗಾಳಿಯೂ ಇಲ್ಲ. ಪಕ್ಕದಲ್ಲಿ ನಿಂತ ಆಟೋದವನು ತನ್ನ ಹುಡ್ಡಿನ ನೆರಳಿನಿಂದ ನಿಮ್ಮನ್ನು ನೋಡುತ್ತಾನೆ. ಆ ನೋಟದಲ್ಲಿ ಅಸೂಯೆ ಇರುವುದಿಲ್ಲ.

ಆಗ ಚಾವಣಿ ಮುಚ್ಚಿಕೊಳ್ಳಿ, ಗುಂಡಿ ಒತ್ತಿದರೆ ಆಯಿತಲ್ಲ ಎನ್ನುವುದು ಮೊದಲ ಆಕ್ಷೇಪ, ಮತ್ತು ಇದೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಒಂದರ ಬೆಲೆಗೆ ಎರಡು ಕಾರು ಸಿಕ್ಕಂತೆ ಎಂದು ಮಾರುವವರು ಹೇಳುವುದು ಈ ಬಲದ ಮೇಲೆಯೇ. ಆದರೆ ಚಾವಣಿ ಮುಚ್ಚಿದ ಕನ್ವರ್ಟಿಬಲ್ ಕೂಪೆಯಾಗುವುದಿಲ್ಲ, ತೂಕ ಹೆಚ್ಚಿದ, ಸದ್ದು ಹೆಚ್ಚಿದ, ಹಿಂದಿನ ನೋಟ ಕಡಿಮೆಯಾದ ಕಾರಾಗುತ್ತದೆ. ಬಟ್ಟೆಯ ಹುಡ್ಡನ್ನು ತಾಡಪತ್ರಿಯ ತಮ್ಮ ಎನ್ನಬಹುದು, ಎಷ್ಟೇ ಪದರವಿದ್ದರೂ ಬಿಸಿಲಿಗೆ ಬಣ್ಣ ಬಿಡುತ್ತದೆ, ಹೊಲಿಗೆಯ ದಾರ ಮೊದಲು ಸಾಯುತ್ತದೆ. ಮಡಚುವ ಮೊದಲು ಅದರ ಮೇಲಿನ ಧೂಳು ಒರೆಸದಿದ್ದರೆ ಮಡಿಕೆಯೊಳಗೆ ಫರಸಿ ಕಲ್ಲಿನ ಪುಡಿ ಮರಳುಕಾಗದದಂತೆ ಕೆಲಸ ಮಾಡುತ್ತದೆ. ಶಹಾಬಾದ್ ಕಲ್ಲು, ವಾಡಿ-ಸೇಡಂ ಸಿಮೆಂಟು, ಎರೆಮಣ್ಣು ಮೂರೂ ಇರುವ ಜಿಲ್ಲೆಯಲ್ಲಿ ಧೂಳಿಲ್ಲದ ದಿನ ಯಾವುದು? ಮಳೆಗಾಲದ ಮಾತಂತೂ ಬೇವಿನ ಮರದ ಕೆಳಗೆ ಶುರುವಾಗುತ್ತದೆ. ಹುಡ್ಡಿನ ಮೇಲೆ ಬಿದ್ದ ನೀರು ಹರಿದುಹೋಗಲು ಅದರ ಬುಡದಲ್ಲಿ, ಸೀಟಿನ ಹಿಂದೆ, ಕಿರುಬೆರಳಿಗಿಂತ ಸಪೂರದ ತೂತುಗಳಿರುತ್ತವೆ. ಕಲಬುರಗಿಯಲ್ಲಿ ನೆರಳೆಂದರೆ ಬೇವು; ನೆರಳಿಗೆ ನಿಲ್ಲಿಸಿದ ಕಾರಿನ ಮೇಲೆ ಬೇವಿನ ಎಲೆ ಉದುರುತ್ತಲೇ ಇರುತ್ತದೆ. ಅದರ ಎಲೆ ಸಪೂರ, ಬಾಗಿದ ಕುಡುಗೋಲಿನ ಆಕಾರ, ಅಂಚಿಗೆ ಗರಗಸದ ಹಲ್ಲು. ತೂತಿಗೆ ಇಳಿಯುವಷ್ಟು ತೆಳುವು, ಒಮ್ಮೆ ಇಳಿದರೆ ಹೊರಬರದಷ್ಟು ಹಲ್ಲು. ನಾಲ್ಕು ಎಲೆ, ಮೇಲೊಂದು ಬೇವಿನ ಬೀಜ, ಅದರ ಮೇಲೆ ಧೂಳಿನ ಕೆಸರು, ಜೂನಿನ ಮೊದಲ ದೊಡ್ಡ ಮಳೆಗೆ ನೀರು ಹೊರಗೆ ಹೋಗುವ ಬದಲು ಸೀಟಿನ ಕೆಳಗಿನ ಜಮಖಾನೆಗೆ ಇಳಿಯುತ್ತದೆ. ಕಾರಿನ ವಿದ್ಯುತ್ ಪೆಟ್ಟಿಗೆಗಳನ್ನು ಕೂರಿಸುವ ಜಾಗವೂ ಎಷ್ಟೋ ಕಾರುಗಳಲ್ಲಿ ಅದೇ. ಉಕ್ಕಿನ ಚಾವಣಿಗೆ ಈ ತೂತುಗಳ ಗೊಡವೆಯೇ ಇಲ್ಲ.

ಎರಡನೆಯ ಆಕ್ಷೇಪ ಚಳಿಗಾಲದ್ದು. ನವೆಂಬರಿನಿಂದ ಫೆಬ್ರುವರಿವರೆಗೆ ನಮ್ಮ ಊರಿನ ಮುಂಜಾವು ಬೆಂಗಳೂರಿನವರೂ ಕರುಬುವಂಥದ್ದು. ಒಪ್ಪಿದೆ, ಅದರ ವಿರುದ್ಧ ನನ್ನಲ್ಲಿ ಮಾತಿಲ್ಲ. ಬೆಳಗಿನ ಆರೂವರೆಗೆ ಕಮಲಾಪುರದ ರಸ್ತೆಯಲ್ಲಿ, ಎಡಬಲಕ್ಕೆ ತೊಗರಿ ಹೊಲ, ಆ ತಂಪಿನಲ್ಲಿ ತೆರೆದ ಕಾರು ಕೊಡುವ ಸುಖ ಕೂಪೆ ಕೊಡಲಾರದು. ಆದರೆ ಗಂಟೆ ಎಣಿಸಿ. ಎಂಟೂವರೆಗೆ ಬಿಸಿಲು ಏರುತ್ತದೆ, ಲಾರಿ ಶುರುವಾಗುತ್ತದೆ. ಡಿಸೆಂಬರ್-ಜನವರಿಯಲ್ಲಿ ತೊಗರಿಯ ರಾಶಿ ನಡೆಯುತ್ತದೆ, ಹೊಟ್ಟು ಹಾರುತ್ತದೆ. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಹಾಕಿಕೊಂಡರೆ ಅದರ ಹೊಗೆಗೂ ನಿಮಗೂ ನಡುವೆ ಏನೂ ಇರುವುದಿಲ್ಲ. ದಿನಕ್ಕೆ ಎರಡು ಗಂಟೆ, ನಾಲ್ಕು ತಿಂಗಳು, ಅದರಲ್ಲೂ ಕೆಲಸವಿಲ್ಲದ ಬೆಳಗುಗಳು ಮಾತ್ರ. ವರ್ಷದ ಉಳಿದೆಲ್ಲ ಗಂಟೆಗಳಲ್ಲೂ ಆ ನೂರು ಕಿಲೋ ಹೊತ್ತು, ಆ ತೂತು ಚೊಕ್ಕ ಮಾಡುತ್ತ ಇರಬೇಕು. ಅದರ ಮೇಲೆ ಬೆಲೆ. ಒಂದೇ ಕಾರಿನ ಎರಡು ರೂಪದಲ್ಲಿ ತೆರೆದದ್ದು ಸಾಮಾನ್ಯವಾಗಿ ತುಟ್ಟಿ; 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಪೆಟ್ರೋಲ್ ಕಾರಿಗೆ 40 ಪ್ರತಿಶತ ಜಿಎಸ್‌ಟಿ, ಕೆಎ-32ರ ಫಲಕ ಹಾಕಿಸುವಾಗ ಕರ್ನಾಟಕದ ಆಜೀವ ತೆರಿಗೆ. ಎರಡೂ ಪ್ರತಿಶತದ ಲೆಕ್ಕವಾದ್ದರಿಂದ ಕಾಣದ ಚಾವಣಿಗೂ ತೆರಿಗೆ ಕಟ್ಟಿದಂತೆ.

ತೆರೆದ ಆಕಾಶವೋ ಮುಚ್ಚಿದ ಚಾವಣಿಯೋ ಎಂಬ ಪ್ರಶ್ನೆ ಈ ಊರಿಗೆ ಹೊಸದೂ ಅಲ್ಲ. ಕೋಟೆಯೊಳಗಿನ ಜಾಮಿ ಮಸೀದಿ 1367ರದು. ದೊಡ್ಡ ಮಸೀದಿಗಳಿಗೆ ನಡುವೆ ತೆರೆದ ಅಂಗಳ ಇರುವುದು ವಾಡಿಕೆ, ಇದಕ್ಕೆ ಇಲ್ಲ. ಇಡೀ ಕಟ್ಟಡ ಗುಮ್ಮಟಗಳ ಕೆಳಗೆ ಮುಚ್ಚಿದೆ, ಬೆಳಕು ಗಾಳಿ ಬರುವುದು ಪಕ್ಕದ ಅಗಲ ಕಮಾನುಗಳಿಂದ. ಹಾಗೇಕೆ ಕಟ್ಟಿದರು ಎಂದು ಪಂಡಿತರು ಏನೇ ಹೇಳಲಿ, ಮೇ ತಿಂಗಳ ಮಧ್ಯಾಹ್ನ ಅದರೊಳಗೆ ಕಾಲಿಟ್ಟವರ ಅಂಗಾಲಿಗೆ ಉತ್ತರ ಗೊತ್ತಾಗುತ್ತದೆ. ತಲೆಯ ಮೇಲೆ ನೆರಳು, ಪಕ್ಕದಿಂದ ಗಾಳಿ. ಕೂಪೆಯ ಎರಡೂ ಕಿಟಕಿ ಪೂರ್ತಿ ಇಳಿಸಿ ಡಿಸೆಂಬರಿನ ಬೆಳಿಗ್ಗೆ ಹೊರಟರೆ ಸಿಗುವುದೂ ಇದೇ, ಆ ಎರಡು ಗಂಟೆಯ ಸುಖದ ಮುಕ್ಕಾಲು ಪಾಲು. ಹಳ್ಳಿಯ ಸವಾರಿ ಬಂಡಿಗೆ ಕಮಾನು ಕಟ್ಟುತ್ತಿದ್ದವರೂ ಮೇಲೆ ಮುಚ್ಚಿ ಹಿಂದೆ ಮುಂದೆ ಬಿಟ್ಟಿದ್ದರು.

ಕಾರು ಮಾಡುವವರೂ ಇದನ್ನು ಬಲ್ಲರು. ಬೆಂಗಳೂರಿನ ಸ್ಯಾನ್ ಮೋಟರ್ಸ್ ತೊಂಬತ್ತರ ದಶಕದ ಕೊನೆಯಲ್ಲಿ ಸ್ಟಾರ್ಮ್ ಎಂಬ ಎರಡು ಸೀಟಿನ ತೆರೆದ ಕಾರು ತಂದಿತು, ಫೈಬರ್ ಮೈ, ರೆನೋದ 1.2 ಲೀಟರ್ ಎಂಜಿನ್. ಚೆಂದವಿತ್ತು, ಕೊಂಡವರು ಬೆರಳೆಣಿಕೆ. ಫೋರ್ಡ್ 2016ರಲ್ಲಿ ಮಸ್ಟಾಂಗನ್ನು ಭಾರತಕ್ಕೆ ತಂದಾಗ ಬೇರೆ ದೇಶಗಳಲ್ಲಿ ಮಾರುತ್ತಿದ್ದ ಕನ್ವರ್ಟಿಬಲ್ಲನ್ನು ಬಿಟ್ಟು ಮುಚ್ಚಿದ್ದನ್ನಷ್ಟೇ ತಂದಿತು. ಮಹೀಂದ್ರದವರು 2020ರ ಥಾರ್‌ನಲ್ಲಿ ಮಡಚುವ ಹುಡ್ಡು ಕೊಟ್ಟರು, 2024ರ ಐದು ಬಾಗಿಲಿನ ರಾಕ್ಸ್‌ಗೆ ಗಟ್ಟಿ ಚಾವಣಿಯೊಂದೇ. ಜನ ನೋಡಲಿ ಎಂದೇ ತೆರೆದ ಕಾರು ಕೊಳ್ಳುವುದಲ್ಲವೇ ಎಂದು ಪ್ರಾಮಾಣಿಕವಾಗಿ ಕೇಳುವವರಿಗೆ ಮಾತ್ರ ನನ್ನ ವಾದ ತಾಗದು. ಅವರಿಗೂ ಒಂದು ಮಾತು: ಕೂಪೆಯಲ್ಲಿ ಹೋದರೆ ಜನ ಕಾರು ನೋಡುತ್ತಾರೆ, ತೆರೆದದ್ದರಲ್ಲಿ ಹೋದರೆ ನಿಮ್ಮನ್ನು. ನಮ್ಮ ಊರಲ್ಲಿ ತೆರೆದ ಗಾಡಿಯಲ್ಲಿ ಹೋಗುವವರು ಮದುಮಗ, ಚುನಾವಣೆಯ ಅಭ್ಯರ್ಥಿ, ಗಣಪತಿ. ಮೂವರೂ ವರ್ಷದಲ್ಲಿ ಒಂದೋ ಎರಡೋ ದಿನ, ಅದೂ ಬಾಡಿಗೆಯ ಗಾಡಿಯಲ್ಲಿ.

ಇಷ್ಟಾದ ಮೇಲೂ ಕನ್ವರ್ಟಿಬಲ್ಲೇ ಬೇಕು ಅನ್ನುವವರನ್ನು ತಡೆಯುವ ಶಕ್ತಿ ನನಗಿಲ್ಲ, ನನ್ನನ್ನು ಯಾರೂ ತಡೆಯಲಾಗಿರಲಿಲ್ಲ. ನೋಡಲು ಹೋಗುವುದಾದರೆ ಮೇ ತಿಂಗಳಲ್ಲಿ, ಮಧ್ಯಾಹ್ನ ಎರಡಕ್ಕೆ ಹೋಗಿ. ಸಂಜೆಗೆ ಬನ್ನಿ ಅಂದರೆ ಒಪ್ಪಬೇಡಿ. ಹಂಪನ್ನು ಓರೆಯಾಗಿ ಹತ್ತಿಸಿ, ಕಣ್ಣು ನೋಡುಗನ್ನಡಿಯ ಮೇಲಿರಲಿ. ಹುಡ್ಡಿನ ಬುಡದ ತೂತು ಎಲ್ಲಿವೆ ಎಂದು ಕೇಳಿ, ತೋರಿಸಲು ಬಾರದವರ ಹತ್ತಿರ ಕೊಳ್ಳಬೇಡಿ. ಹಳೆಯ ಕಾರಾದರೆ ಸೀಟಿನ ಹಿಂದಿನ ಜಮಖಾನೆ ಎತ್ತಿ ಮೂಸಿ. ಕೊನೆಗೆ ಚಾವಣಿ ಮಡಚಿಸಿ ಡಿಕ್ಕಿ ತೆಗೆಸಿ: ಕಮಲಾಪುರದಲ್ಲಿ ಒಂದು ಗೊನೆ ಕೆಂಪು ಬಾಳೆ ಕೊಂಡರೆ ಅದು ಡಿಕ್ಕಿಯಲ್ಲಿ ಬರುತ್ತದೋ ಪಕ್ಕದ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಬರುತ್ತದೋ ನೋಡಿಕೊಳ್ಳಿ.