ಬೆಂಗಳೂರಿನ ಎತ್ತರದಲ್ಲಿ ಟರ್ಬೋ ಎಂಜಿನ್: ಗಾಳಿ–ಇಂಧನ ಪ್ರಮಾಣದ ಒಂದು ವಿವೇಚನೆ

ಒಂದು ಗ್ರಾಂ ಶುದ್ಧ ಪೆಟ್ರೋಲು ಪೂರ್ಣವಾಗಿ ದಹಿಸಲು ಸುಮಾರು 14.7 ಗ್ರಾಂ ಗಾಳಿ ಅವಶ್ಯಕ. ಗಾಳಿ ಇದಕ್ಕಿಂತ ಕಡಿಮೆಯಾದರೆ ಮಿಶ್ರಣವು ರಿಚ್ ಎಂದೂ, ಹೆಚ್ಚಾದರೆ ಲೀನ್ ಎಂದೂ ಮೆಕ್ಯಾನಿಕರ ವಾಡಿಕೆ. ಲೆಕ್ಕವು ಸರಳವೆಂದು ತೋರಿದರೂ ಅದರಲ್ಲೊಂದು ತೊಡಕಿದೆ. ಎಂಜಿನ್ನು ಗಾಳಿಯನ್ನು ಸೆಳೆದುಕೊಳ್ಳುವುದು ಗಾತ್ರದ ಅಳತೆಯಲ್ಲಿ, ದಹನಕ್ಕೆ ಬೇಕಾದುದು ತೂಕದ ಅಳತೆಯಲ್ಲಿ. ಒಂದೇ ಗಾತ್ರದ ಗಾಳಿಯ ತೂಕವು ಊರಿಂದೂರಿಗೆ ಬದಲಾಗುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದಲ್ಲಿದೆ. ಮಂಗಳೂರಿನಲ್ಲಿ ವಾಯುಮಂಡಲದ ಒತ್ತಡ ಹೆಚ್ಚುಕಡಿಮೆ 101 ಕಿಲೋಪಾಸ್ಕಲ್ ಇದ್ದರೆ ಇಲ್ಲಿ 91ರ ಆಸುಪಾಸು. ಅಂದರೆ ರಾಜಾಜಿನಗರದ ಗಾಳಿ ಕರಾವಳಿಯ ಗಾಳಿಗಿಂತ ನೂರಕ್ಕೆ ಹತ್ತು ಪಾಲು ತೆಳು. ಕಾರ್ಬ್ಯುರೇಟರಿನ ಕಾಲದಲ್ಲಿ, ಸಮುದ್ರಮಟ್ಟಕ್ಕೆ 14.7ರಂತೆ ಹೊಂದಿಸಿದ ಗಾಡಿಯು ಇಲ್ಲಿಗೆ ಬಂದೊಡನೆ 13.9ರಷ್ಟಕ್ಕೆ ಇಳಿದು ಸ್ವಲ್ಪ ರಿಚ್ ಆಗಿಬಿಡುತ್ತಿತ್ತು. ಅನುಭವಿಗಳು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಅದರ ಬಣ್ಣದಿಂದಲೇ ಇದನ್ನು ಕಂಡುಹಿಡಿಯುತ್ತಿದ್ದರು: ಮಸಿ ಕಟ್ಟಿದ್ದರೆ ಇಂಧನ ಹೆಚ್ಚು, ಬಿಳಿಚಿಕೊಂಡಿದ್ದರೆ ಕಡಿಮೆ, ತಿಳಿಕಂದು ಇದ್ದರೆ ಸರಿ. ಆ ವಿದ್ಯೆ ಇಂದಿಗೂ ನಿರುಪಯುಕ್ತವಲ್ಲ. ಆದರೆ ಟರ್ಬೋ ಎಂಜಿನ್ನಿಗೆ ಅದೊಂದೇ ಸಾಲದು.

ಹೊರಹೋಗುವ ಬಿಸಿಹೊಗೆಯ ಬಲದಿಂದ ಚಕ್ರವೊಂದನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ತುಂಬುವ ಯುಕ್ತಿಗೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದನು. ಕಾರುಗಳಿಗೆ ಅದು ಬಂದುದು ಬಹಳ ತಡವಾಗಿ. 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬ ಅಮೆರಿಕದ ಕಾರಿನಲ್ಲಿ ಎಂಜಿನ್ನು ಬಡಿದುಕೊಳ್ಳದಿರಲೆಂದು ನೀರು ಮತ್ತು ಮೆಥನಾಲಿನ ದ್ರವವನ್ನು ಪ್ರತ್ಯೇಕವಾಗಿ ಸಿಂಪಡಿಸಬೇಕಾಗಿತ್ತು. ಅನೇಕ ಮಾಲೀಕರು ಅದನ್ನು ತುಂಬಿಸುವುದನ್ನೇ ಮರೆತರು. ಈ ಬಡಿತಕ್ಕೆ ಮೆಕ್ಯಾನಿಕರು ನಾಕಿಂಗ್ ಎನ್ನುತ್ತಾರೆ. ಕಿಡಿಯಿಂದ ಹೊರಟ ಜ್ವಾಲೆ ತಲಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣವು ತಾನಾಗಿ ಸ್ಫೋಟಿಸುವುದೇ ಇದರ ಸ್ವರೂಪ. ಹೊರೆ ಹೆಚ್ಚಿರುವಾಗ ಮಿಶ್ರಣ ಲೀನ್ ಆದರೆ ಅಪಾಯ ಬಲಿಯುತ್ತದೆ. ಕೆಲವೇ ಕ್ಷಣಗಳಲ್ಲಿ ಪಿಸ್ಟನ್ನಿನ ಅಂಚು ಒಡೆಯಬಹುದು ಅಥವಾ ತಲೆ ಕರಗಬಹುದು.

ಇಲ್ಲಿ ಬೆಂಗಳೂರಿನ ಎತ್ತರವು ಮತ್ತೆ ಪ್ರಸ್ತುತವಾಗುತ್ತದೆ. ರಾಜಾಜಿನಗರದ ಗ್ಯಾರೇಜಿನಲ್ಲಿ ಒಂದು ಕಾರನ್ನು ಹೊಂದಿಸಲಾಯಿತೆಂದು ಇಟ್ಟುಕೊಳ್ಳೋಣ. ಅದರ ವೇಸ್ಟ್‌ಗೇಟಿನ ಸ್ಪ್ರಿಂಗು ಹೊರಗಾಳಿಗಿಂತ 50 ಕಿಲೋಪಾಸ್ಕಲ್ ಹೆಚ್ಚು ಒತ್ತಡವನ್ನು ಬಿಡುತ್ತದೆ. ಇಲ್ಲಿ ಒಟ್ಟು ಒತ್ತಡ 91 ಮತ್ತು 50 ಸೇರಿ 141. ಅದೇ ಕಾರು ನೆಲಮಂಗಲ, ಹಾಸನ, ಶಿರಾಡಿ ಘಾಟಿಗಳನ್ನು ದಾಟಿ ಮಂಗಳೂರಿಗೆ ಇಳಿದರೆ 101 ಮತ್ತು 50 ಸೇರಿ 151 ಆಗುತ್ತದೆ. ಸ್ಪ್ರಿಂಗು ಬದಲಾಗಲಿಲ್ಲ, ಚಾಲಕನ ಕಾಲೂ ಬದಲಾಗಲಿಲ್ಲ. ಗಾಳಿ ಮಾತ್ರ ನೂರಕ್ಕೆ ಏಳು ಪಾಲು ಹೆಚ್ಚಾಯಿತು. ಇಂಧನದ ಪ್ರಮಾಣವನ್ನು ಎಂಜಿನ್ನಿನ ವೇಗ ಹಾಗೂ ಥ್ರಾಟಲಿನ ಸ್ಥಾನಗಳಿಂದ ಮಾತ್ರವೇ ನಿರ್ಧರಿಸಿದ್ದರೆ, 12ರಲ್ಲಿದ್ದ ಅನುಪಾತವು 12.8ನ್ನು ಮೀರುತ್ತದೆ. ಪ್ರೌಢಶಾಲೆಯ ಅನುಪಾತದ ಗಣಿತದಿಂದಲೇ ಇದನ್ನು ತಾಳೆ ನೋಡಬಹುದು.

ನಿರಪೇಕ್ಷ ಒತ್ತಡವನ್ನು ಅಳೆಯುವ ಸೆನ್ಸರ್ ಇದ್ದರೆ ಈ ದೋಷ ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಬಹುಮಟ್ಟಿಗೆ ಎಂದುದಕ್ಕೆ ಕಾರಣವುಂಟು. ನಿಯಂತ್ರಕದೊಳಗಿನ ಕೋಷ್ಟಕದಲ್ಲಿ 150 ಕಿಲೋಪಾಸ್ಕಲಿನ ಮನೆಗಳನ್ನು ಈ ಕಾರು ಬೆಂಗಳೂರಿನಲ್ಲಿ ಮುಟ್ಟುವುದೇ ಇಲ್ಲ. ಅಲ್ಲಿ ಬರೆದಿರುವುದು ಅಳತೆಯಲ್ಲ, ಊಹೆ. ಮೊದಲ ಪರೀಕ್ಷೆ ನಡೆಯುವುದು ಘಾಟಿಯ ಕೆಳಗೆ, ಮಾಲೀಕನ ಖರ್ಚಿನಲ್ಲಿ! ಆದುದರಿಂದ ಆ ಮನೆಗಳಲ್ಲಿ ತುಸು ಹೆಚ್ಚು ಇಂಧನವನ್ನಿಡುವುದೇ ವಿವೇಕ.

ಕೆಲಸದ ಕ್ರಮದಲ್ಲಿ ಅವಸರ ಸಲ್ಲದು. ಲ್ಯಾಪ್‌ಟಾಪನ್ನು ತೆರೆಯುವ ಮುನ್ನ ಹೋಸುಗಳಲ್ಲಿ ಸೋರಿಕೆಯಿದೆಯೇ ಎಂದು ನೋಡಬೇಕು. ಬಳಿಕ ಇಂಧನದ ಒತ್ತಡ. ಇಂಜೆಕ್ಟರಿನ ಹಿಂದಿನ ಒತ್ತಡವು ಮ್ಯಾನಿಫೋಲ್ಡಿನ ಒತ್ತಡಕ್ಕಿಂತ 3 ಬಾರ್ ಹೆಚ್ಚಿರಬೇಕೆಂದಿದ್ದರೆ, ಟರ್ಬೋ ಅರ್ಧ ಬಾರ್ ಏರಿಸಿದಾಗ ರೆಗ್ಯುಲೇಟರು ಸಹ ಅರ್ಧ ಬಾರ್ ಏರಿಸಬೇಕು. ಏರಿಸದಿದ್ದರೆ ವ್ಯತ್ಯಾಸವು 2.5ಕ್ಕೆ ಇಳಿದು ಇಂಧನವು ನೂರಕ್ಕೆ ಒಂಬತ್ತು ಪಾಲು ಕಡಿಮೆ ಬೀಳುತ್ತದೆ. ಈ ಒಂದು ದೋಷವನ್ನು ಕೋಷ್ಟಕ ತಿದ್ದಿ ಮುಚ್ಚಲು ಹೋದವರು ದಿನಗಟ್ಟಲೆ ಅಲೆದಾಡುವುದುಂಟು.

ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಲ್ಯಾಂಬ್ಡಾ ಸೆನ್ಸರನ್ನು 1976ರಲ್ಲಿ ವೋಲ್ವೊ ಕಾರುಗಳಲ್ಲಿ ಅಳವಡಿಸಲಾಯಿತು. ಸಾಮಾನ್ಯ ಸೆನ್ಸರು ಸಮತೋಲದ ಬಿಂದುವಿನ ಬಳಿ ಮಾತ್ರ ನಂಬಿಕೆಗೆ ಅರ್ಹ. ಟರ್ಬೋ ಕೆಲಸಕ್ಕೆ ವೈಡ್‌ಬ್ಯಾಂಡ್ ಬೇಕು. ಸೆನ್ಸರಿಗೆ ಮೊದಲು ಸೈಲೆನ್ಸರ್ ಕೊಳವೆಯಲ್ಲಿ ಬಿರುಕಿದ್ದರೆ ಹೊರಗಾಳಿ ನುಗ್ಗಿ, ರಿಚ್ ಇದ್ದುದನ್ನೂ ಲೀನೆಂದು ತೋರಿಸುತ್ತದೆ. ಡೈನಮೋಮೀಟರಿನ ಮೇಲೆ ಎಂಜಿನ್ನನ್ನು ಒಂದೇ ವೇಗದಲ್ಲಿ ಹಿಡಿದು, ಕಡಿಮೆ ಒತ್ತಡದಿಂದ ಆರಂಭಿಸಿ, ಒಂದೊಂದೇ ಮನೆಯನ್ನು ಸರಿಪಡಿಸಬೇಕು. ಒಮ್ಮೆಗೆ ಒಂದೇ ಬದಲಾವಣೆ. ಸಾಧಾರಣ ಓಟದಲ್ಲಿ ಲ್ಯಾಂಬ್ಡಾ 1, ಪೂರ್ಣ ಹೊರೆಯಲ್ಲಿ 0.80ರಿಂದ 0.85 ಎಂಬುದು ರೂಢಿಯ ಗುರಿ.

14.7 ಎಂಬ ಅಂಕಿಗಿಂತ ಲ್ಯಾಂಬ್ಡಾ ಮೇಲೆನ್ನಲು ಇಂದು ಹೊಸ ಕಾರಣವೊಂದಿದೆ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲಿಗೆ ಬೇಕಾದ ಗಾಳಿ ಸುಮಾರು 13.5 ಪಾಲು ಮಾತ್ರ. ಶುದ್ಧ ಪೆಟ್ರೋಲಿಗೆಂದು ಬರೆದ ಕೋಷ್ಟಕವು ಈ ಇಂಧನದೊಂದಿಗೆ ಲೀನ್ ಆಗುತ್ತದೆ. ಲ್ಯಾಂಬ್ಡಾ 1 ಎಂದರೆ ಇಂಧನ ಯಾವುದೇ ಇರಲಿ, ಗಾಳಿ ಸರಿಯಾಗಿದೆ ಎಂದೇ ಅರ್ಥ.

ಮೂಲ ನಿರ್ಮಾಪಕರ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆ ಎಂಬುದನ್ನು ಗ್ಯಾರೇಜಿನವರೂ ಮಾಲೀಕರೂ ಅರಿತಿರತಕ್ಕದ್ದು. ಇನ್ನು ಹೊಗೆ ತಪಾಸಣೆಯ ಮಾತು. ಭಾರತ್ ಸ್ಟೇಜ್ 4ರ ಪೆಟ್ರೋಲು ಕಾರುಗಳಿಗೆ ನಿಮಿಷಕ್ಕೆ ಸುಮಾರು 2500 ಸುತ್ತಿನಲ್ಲಿ ಲ್ಯಾಂಬ್ಡಾ 0.97ರಿಂದ 1.03ರೊಳಗಿರಬೇಕೆಂಬ ನಿಯಮವಿದೆ. ಆದರೆ ಆ ಪರೀಕ್ಷೆಯು ನಿಂತ ಗಾಡಿಯ ಮೇಲೆ, ಹೊರೆಯಿಲ್ಲದೆ ನಡೆಯುವುದು. ಆಗ ಟರ್ಬೋ ಒತ್ತಡವನ್ನು ಕಟ್ಟುವುದೇ ಇಲ್ಲ. ಬಸವೇಶ್ವರನಗರದಲ್ಲಿ ಪಡೆದ ಪ್ರಮಾಣಪತ್ರವು ಶಿರಾಡಿಯ ಏರಿನಲ್ಲಿ ಮಿಶ್ರಣ ಹೇಗಿದ್ದೀತೆಂಬುದನ್ನು ತಿಳಿಸಲಾರದು. ಅದಕ್ಕಾಗಿ ಗ್ಯಾರೇಜಿನವರು ಹೊಂದಿಸಿದ ದಿನದ ವಾಯುಒತ್ತಡ, ಉಷ್ಣತೆ, ಇಂಧನದ ಬಗೆಗಳನ್ನು ಬರೆದು ಕೋಷ್ಟಕದ ಪ್ರತಿಯೊಂದಿಗೆ ಮಾಲೀಕನ ಕೈಗೆ ಕೊಡಬೇಕು.