ಮಕ್ಕಳ ಭೇದಿ ಮತ್ತು ಪಕ್ಕೆ ಸೆಳೆತ: ಮನೆಯಲ್ಲಿ ಆರಂಭವಾಗಬೇಕಾದ ಆರೈಕೆ

ಮುಂಗಾರಿನಲ್ಲಿ ತುಂಗಭದ್ರೆಯ ನೀರು ಕೆಂಪಾಗಿ ಹರಿಯುವ ಹೊತ್ತಿಗೆ ಹೊಸಪೇಟೆ, ಹಂಪಿ, ಕಂಪ್ಲಿ ಭಾಗದ ಮನೆಗಳಲ್ಲಿ ಕೂಸುಗಳಿಗೆ ವಾಂತಿಭೇದಿ ತಲೆದೋರುವುದುಂಟು. ಸಂಡೂರಿನ ಗಣಿಧೂಳು, ಸೌದೆ ಒಲೆಯ ಹೊಗೆಗಳ ನಡುವೆ ಬೆಳೆಯುವ ಮಕ್ಕಳನ್ನು ಕೆಮ್ಮು ಬೇಗ ಕಾಡುತ್ತದೆ. ಬಡ ರಾಷ್ಟ್ರಗಳಲ್ಲಿ ಐದು ವರ್ಷದೊಳಗಿನ ಮಕ್ಕಳನ್ನು ಬಲಿ ತೆಗೆದುಕೊಳ್ಳುವ ಕಾಯಿಲೆಗಳಲ್ಲಿ ಭೇದಿ ಮತ್ತು ನ್ಯುಮೋನಿಯಾ ಎಂಬ ಪಕ್ಕೆ ಸೆಳೆತ ಪ್ರಮುಖವಾದವು. ಎರಡಕ್ಕೂ ಅಗ್ಗದ ಔಷಧವುಂಟು. ಅದು ಸಕಾಲದಲ್ಲಿ ಮಗುವಿನ ಬಾಯಿಗೆ ಸೇರದಿರುವುದೇ ಬಹುಪಾಲು ಸಾವುಗಳಿಗೆ ಕಾರಣ.

ಭೇದಿಯಾದ ಮಗುವಿಗೆ ನೀರು, ಹಾಲು ನಿಲ್ಲಿಸುವ ರೂಢಿ ನಮ್ಮಲ್ಲಿ ಇನ್ನೂ ಉಳಿದಿದೆ. ಆದರೆ ಪ್ರಾಣಕ್ಕೆ ಕುತ್ತು ಬರುವುದು ದೇಹದ ನೀರು ಮತ್ತು ಲವಣ ಬರಿದಾದಾಗ. ಸಕ್ಕರೆಯೊಡನೆ ಉಪ್ಪನ್ನು ಹೀರಿಕೊಳ್ಳುವ ಶಕ್ತಿ ಭೇದಿಯ ಕಾಲದಲ್ಲೂ ಕರುಳಿಗೆ ಇರುತ್ತದೆ. ಅವುಗಳೊಂದಿಗೆ ನೀರೂ ಒಳಸೇರುತ್ತದೆ. ಓಆರ್‌ಎಸ್‌ನ ಗುಟ್ಟು ಇದೇ. 1971ರಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಸಾಲದಾದಾಗ, ಡಾ. ದಿಲೀಪ್ ಮಹಾಲನಬಿಸ್ ಅವರು ಈ ದ್ರಾವಣವನ್ನು ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ದೊಡ್ಡ ಪೊಟ್ಟಣವೊಂದನ್ನು ಪೂರ್ತಿ ಬೆರೆಸಬೇಕು. ಸಣ್ಣ ಪೊಟ್ಟಣವಾದರೆ ಅದರ ಮೇಲೆ ಬರೆದಷ್ಟೇ ನೀರು. ಬೆರೆಸಿದ ದ್ರಾವಣವನ್ನು 24 ಗಂಟೆಗಳ ನಂತರ ಬಳಸಬಾರದು. ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200 ಮಿಲಿಲೀಟರ್ ಚಮಚದಿಂದ ಕುಡಿಸಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ನಿಧಾನವಾಗಿ ಕೊಡಬೇಕು. ಎದೆಹಾಲು ನಿಲ್ಲಕೂಡದು, ಆರು ತಿಂಗಳು ತುಂಬಿದ ಮಕ್ಕಳಿಗೆ ಗಂಜಿ, ಮೆತ್ತನೆಯ ಅನ್ನವೂ ಇರಲಿ. ಇದರೊಡನೆ ಸತುವಿನ ಮಾತ್ರೆ, ಅಂದರೆ ಜಿಂಕ್, 14 ದಿನ ಸಲ್ಲಬೇಕು. 2ರಿಂದ 6 ತಿಂಗಳ ಕೂಸಿಗೆ ದಿನಕ್ಕೆ 10 ಮಿಲಿಗ್ರಾಂ, ಮೇಲ್ಪಟ್ಟವರಿಗೆ 20 ಮಿಲಿಗ್ರಾಂ. ಭೇದಿ ನಿಂತರೂ ಮಾತ್ರೆ ನಿಲ್ಲಿಸಬಾರದು. ಸಾಮಾನ್ಯ ನೀರುಭೇದಿಗೆ ಸೂಜಿಮದ್ದಾಗಲಿ ಆಂಟಿಬಯಾಟಿಕ್ ಆಗಲಿ ಬೇಕಿಲ್ಲ.

ಕೆಮ್ಮಿದ ಮಗು ಅಳದೆ ಶಾಂತವಾಗಿರುವಾಗ ಅಂಗಿ ಮೇಲೆತ್ತಿ, ಗಡಿಯಾರ ನೋಡುತ್ತ ಒಂದು ನಿಮಿಷದ ಉಸಿರನ್ನು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗಿನ ಮಗುವಿಗೆ 50, ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಹೆಚ್ಚು ಉಸಿರಾಟವಿದ್ದರೆ ಅದು ನ್ಯುಮೋನಿಯಾ ಇರಬಹುದು. ಅಂದೇ ವೈದ್ಯರಲ್ಲಿಗೆ ಒಯ್ಯಬೇಕು. ಅವರು ಬರೆದುಕೊಟ್ಟ ಔಷಧವನ್ನು ಹೇಳಿದಷ್ಟು ದಿನ ಪೂರ್ತಿ ಕೊಡಬೇಕು. ಹೊಟ್ಟೆಗೆ ಬರೆ ಹಾಕುವ ಕ್ರೌರ್ಯದಿಂದ ಯಾವ ಕಾಯಿಲೆಯೂ ವಾಸಿಯಾಗದು; ಸುಟ್ಟ ಗಾಯ ಮಾತ್ರ ಉಳಿಯುತ್ತದೆ.

ಉಸಿರೆಳೆವಾಗ ಎದೆಯ ಕೆಳಭಾಗ ಒಳಸೆಳೆದರೆ, ಮಗು ಹಾಲು ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಮಂಪರಿನಲ್ಲಿದ್ದರೆ, ಕಣ್ಣು ಗುಳಿಬಿದ್ದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಿ ಆಸ್ಪತ್ರೆ ಸೇರಬೇಕು. ಎರಡು ತಿಂಗಳೊಳಗಿನ ಕೂಸಿಗೆ ಯಾವ ಕಾಯಿಲೆ ಬಂದರೂ ಮನೆಮದ್ದು ಸಲ್ಲದು.

ಹೊಳೆ ತುಂಬಿ ಕಂಪ್ಲಿಯ ಸೇತುವೆ ಮುಳುಗುವ ದಿನಗಳಲ್ಲಿ ಆಚೆ ದಡದವರಿಗೆ ಆಸ್ಪತ್ರೆಯ ದಾರಿ ದೂರವಾಗುತ್ತದೆ. ಆದುದರಿಂದ ಮಳೆಗಾಲಕ್ಕೆ ಮುನ್ನವೇ ಆಶಾ ಕಾರ್ಯಕರ್ತೆಯರಿಂದ ಉಚಿತವಾಗಿ ದೊರೆಯುವ ಓಆರ್‌ಎಸ್ ಪೊಟ್ಟಣಗಳನ್ನೂ ಜಿಂಕ್ ಮಾತ್ರೆಗಳನ್ನೂ ಪಡೆದು ಮನೆಯಲ್ಲಿಡಬೇಕು. ಓದಲು ಬಾರದ ನೆರೆಮನೆಯ ತಾಯಂದಿರಿಗೆ ಸದ್ಭಕ್ತರು ಈ ಅಳತೆಗಳನ್ನು ಹೇಳಿಕೊಡಬೇಕೆಂದು ಕೋರುತ್ತೇವೆ.