ಪೆಟ್ಟಿಗೆಯ ಸಾಮಗ್ರಿಯಿಂದ ಮನೆಯಲ್ಲಿ ಕೆಂಪು ದ್ರಾಕ್ಷಾಮದ್ಯವನ್ನು ಸಿದ್ಧಪಡಿಸುವ ಕ್ರಮ

ಕೆನಡಾ ದೇಶದಲ್ಲಿ ಉದ್ಯೋಗದಲ್ಲಿರುವ ತಮ್ಮ ಮಗನ ಮನೆಯಲ್ಲಿ ನಾಲ್ಕು ತಿಂಗಳಿದ್ದು ಹಿಂದಿರುಗಿದ ಜಮೀನುದಾರರೊಬ್ಬರು ತಾವು ಅಲ್ಲಿ ಕಂಡ ಒಂದು ಸಂಗತಿಯನ್ನು ಕುರಿತು ವಿಚಾರಿಸಿದ್ದಾರೆ. ಅಂಗಡಿಯಿಂದ ರಟ್ಟಿನ ಪೆಟ್ಟಿಗೆಯೊಂದನ್ನು ತಂದು, ಅದರೊಳಗಿನ ದ್ರಾಕ್ಷಿಯ ಪಾಕಕ್ಕೆ ನೀರು ಬೆರೆಸಿ, ಆರು ವಾರಗಳಲ್ಲಿ ಮೂವತ್ತು ಸೀಸೆಗಳಷ್ಟು ಕೆಂಪು ಮದ್ಯವನ್ನು ಅಡಿಗೆಮನೆಯ ಪಕ್ಕದ ಕೋಣೆಯಲ್ಲಿಯೇ ಸಿದ್ಧಪಡಿಸಿದರಂತೆ. ಇದು ಹೇಗೆ ಸಾಧ್ಯವಾಯಿತು, ಇಂಥ ಪೆಟ್ಟಿಗೆಯನ್ನು ಊರಿಗೆ ತಂದು ಇಲ್ಲಿಯೂ ಮಾಡಬಹುದೆ, ತಮ್ಮ ಎರಡು ಎಕರೆ ತೋಟದ ಬೆಂಗಳೂರು ನೀಲಿ ದ್ರಾಕ್ಷಿಗೆ ಬೆಲೆ ಬೀಳುವ ದಿನಗಳಲ್ಲಿ ಇದರಿಂದ ಏನಾದರೂ ಅನುಕೂಲವುಂಟೆ ಎಂದು ಮೂರು ಪ್ರಶ್ನೆಗಳನ್ನು ಅವರು ಹಾಕಿದ್ದಾರೆ.

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುವುದು ಯುಕ್ತ. ನಮ್ಮ ರಾಜ್ಯದಲ್ಲಿ 1965ನೆಯ ಇಸವಿಯ ಕರ್ನಾಟಕ ಅಬಕಾರಿ ಅಧಿನಿಯಮದ ಪ್ರಕಾರ ಲೈಸೆನ್ಸಿಲ್ಲದೆ ಯಾವ ಮಾದಕ ದ್ರವ್ಯವನ್ನೂ ತಯಾರಿಸಕೂಡದು. ಮಾರುವುದಕ್ಕಲ್ಲ, ಮನೆಯವರು ಕುಡಿಯುವುದಕ್ಕೆ ಮಾತ್ರ ಎಂಬ ಸಮಾಧಾನವನ್ನು ನಂಬಿಕೊಂಡು ಯಾರೂ ಕೈಹಾಕತಕ್ಕದ್ದಲ್ಲ. ಪೆಟ್ಟಿಗೆಯಲ್ಲಿ ಬರುವ ಪಾಕದಲ್ಲಿ ಮದ್ಯವಿಲ್ಲ, ನಿಜ. ಆದರೆ ನೀರು ಬೆರೆಸಿ ಹುದುಗನ್ನು ಹಾಕಿದ ಮಾರನೆಯ ದಿವಸವೇ ಅದು ಮದ್ಯವಾಗತೊಡಗುತ್ತದೆ. ಊರಿನಲ್ಲಿ ನಾಲ್ವರಿಗೆ ಬುದ್ಧಿ ಹೇಳುವ ಸ್ಥಾನದಲ್ಲಿರುವವರ ಮನೆಯಲ್ಲಿಯೇ ಇದು ಪತ್ತೆಯಾದರೆ, ಆಮೇಲೆ ಕಳ್ಳಭಟ್ಟಿಯ ವಿಷಯದಲ್ಲಿ ಅವರ ಮಾತಿಗೆ ಬೆಲೆಯೆಲ್ಲಿ ಉಳಿದೀತು? ಆದಕಾರಣ ಮುಂದೆ ಬರೆದಿರುವ ಕ್ರಮವು ಅದಕ್ಕೆ ಕಾನೂನಿನ ಅನುಮತಿಯಿರುವ ದೇಶದ ಮನೆಗಳಲ್ಲಿ ನಡೆಯತಕ್ಕ ಕ್ರಮವೆಂದು ವಾಚಕರು ತಿಳಿಯಬೇಕು. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಸಹ ಇದಕ್ಕೆ ಮಿತಿಯುಂಟು: ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿಯಿದ್ದರೆ 200 ಗ್ಯಾಲನ್, ಮಾರುವಂತಿಲ್ಲ.

ಇನ್ನು ಮೊದಲನೆಯ ಪ್ರಶ್ನೆ. ದ್ರಾಕ್ಷಿಯ ರಸವನ್ನು ಗಾಳಿ ತೆಗೆದ ಪಾತ್ರೆಯಲ್ಲಿ ಕಡಿಮೆ ಶಾಖದಲ್ಲಿ ಬತ್ತಿಸಿದರೆ ನೀರು ಆವಿಯಾಗಿ ಹೋಗಿ, ಸಕ್ಕರೆ, ಹುಳಿ, ಬಣ್ಣಗಳು ಗಟ್ಟಿಯಾದ ಪಾಕವಾಗಿ ಉಳಿಯುತ್ತವೆ. ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿದಂತೆ ಇದನ್ನು ಬಯಲಿನಲ್ಲಿ ಕುದಿಸಿದರೆ ರಸವು ಕಂದಿ, ಸೀದ ವಾಸನೆ ಬರುವುದರಿಂದ ಗಾಳಿ ತೆಗೆಯುವ ಏರ್ಪಾಡು ಬೇಕಾಗುತ್ತದೆ. ಪಾಕವನ್ನು ಚೀಲದಲ್ಲಿ ಭದ್ರಪಡಿಸಿ ಪೆಟ್ಟಿಗೆಗೆ ತುಂಬುತ್ತಾರೆ. ಅದರ ಜೊತೆಗೆ ಒಣಗಿಸಿದ ಹುದುಗು, ಬೆಂಟೊನೈಟ್ ಎಂಬ ನಯವಾದ ಜೇಡಿಯ ಪುಡಿ, ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಪೊಟ್ಯಾಸಿಯಂ ಸಾರ್ಬೇಟ್, ಮದ್ಯವನ್ನು ತಿಳಿಗೊಳಿಸುವ ದ್ರಾವಣ, ಕೆಲವು ಪೆಟ್ಟಿಗೆಗಳಲ್ಲಿ ಓಕ್ ಮರದ ಚಕ್ಕೆ ಹಾಗೂ ದ್ರಾಕ್ಷಿಯ ಸಿಪ್ಪೆ, ಇವುಗಳ ಪೊಟ್ಟಣಗಳಿರುತ್ತವೆ. ಕೆಂಪು ಬಣ್ಣವು ಹಣ್ಣಿನ ಸಿಪ್ಪೆಯಿಂದ ಬರತಕ್ಕದ್ದು. ಬಹುತೇಕ ಕರಿದ್ರಾಕ್ಷಿಗಳ ತಿರುಳಿನ ರಸಕ್ಕೆ ಬಣ್ಣವಿಲ್ಲವೆಂಬುದನ್ನು ಹಣ್ಣೊಂದನ್ನು ಹಿಸುಕಿ ನೋಡಿ ಯಾರು ಬೇಕಾದರೂ ತಿಳಿಯಬಹುದು.

ಕೆಲಸಕ್ಕೆ ಬೇಕಾದ ಪಾತ್ರೆಗಳು ಹೆಚ್ಚಿಲ್ಲ. ಸುಮಾರು 30 ಲೀಟರು ಹಿಡಿಯುವ ಮುಚ್ಚಳವುಳ್ಳ ಪ್ಲಾಸ್ಟಿಕ್ ಪೀಪಾಯಿ, 23 ಲೀಟರಿನ ಕಿರಿಗಂಠದ ಗಾಜಿನ ಬುರುಡೆ, ರಸ ವರ್ಗಾಯಿಸುವ ರಬ್ಬರ್ ಕೊಳವೆ, ಶಾಖಮಾಪಕ, ರಸದ ಸಾಂದ್ರತೆಯನ್ನು ಅಳೆಯುವ ಹೈಡ್ರಾಮೀಟರು, ಮತ್ತು ಒಳಗಿನ ಅನಿಲವನ್ನು ಹೊರಕ್ಕೆ ಬಿಟ್ಟು ಹೊರಗಿನ ಗಾಳಿಯನ್ನು ಒಳಕ್ಕೆ ಬಿಡದ ನೀರಿನ ಬಿರಡೆ. ಈ ಕಡೆಯದನ್ನು ಅಲ್ಪವೆಂದು ಎಣಿಸಬಾರದು. 23 ಲೀಟರು ರಸದಲ್ಲಿ ಸುಮಾರು ಐದು ಕಿಲೋಗ್ರಾಂ ಸಕ್ಕರೆಯಿರುತ್ತದೆ. ಅದರಲ್ಲಿ ಅರ್ಧದಷ್ಟು ಮದ್ಯಸಾರವಾಗಿ, ಉಳಿದರ್ಧವು ಇಂಗಾಲಾಮ್ಲವಾಯುವಾಗಿ ಪರಿಣಮಿಸುತ್ತದೆ. ಆ ವಾಯುವನ್ನು ಅಳತೆಮಾಡಿದರೆ ಸಾವಿರ ಲೀಟರಿಗೂ ಮಿಗಿಲಾದೀತು. ಪಾತ್ರೆಯ ಬಾಯಿಯನ್ನು ಬಿಗಿಯಾಗಿ ಕಟ್ಟಿದ ಮನೆಗಳಲ್ಲಿ ಬುರುಡೆ ಸಿಡಿದು ಗೋಡೆಯೆಲ್ಲ ಕೆಂಪಾಗುವುದಕ್ಕೆ ಇದೇ ಕಾರಣ.

ಮೊದಲನೆಯ ದಿವಸ ಪಾತ್ರೆಪದಾರ್ಥಗಳನ್ನೆಲ್ಲ ತೊಳೆದು, ಮೆಟಾಬೈಸಲ್ಫೈಟಿನ ನೀರಿನಿಂದ ಶುದ್ಧಿಮಾಡತಕ್ಕದ್ದು. ಈ ಕೆಲಸದಲ್ಲಿ ಮಾಡಿದ ಸೋಮಾರಿತನವು ಮುಂದೆ ಯಾವ ಪೊಟ್ಟಣದಿಂದಲೂ ಸರಿಹೋಗುವುದಿಲ್ಲ. ಹೆಪ್ಪು ಹಾಕುವ ಗಡಿಗೆ ಚೊಕ್ಕಟವಿಲ್ಲದಿದ್ದರೆ ಮೊಸರು ಲೋಳೆಯಾಗುವುದನ್ನು ನಮ್ಮ ಮನೆಯ ಹೆಂಗಸರು ಬಲ್ಲರಷ್ಟೆ, ಇಲ್ಲಿಯೂ ಹಾಗೆಯೆ. ಗಂಧಕದ ಘಾಟು ಏಳುವುದರಿಂದ ಉಬ್ಬಸವುಳ್ಳವರು ಈ ಕೆಲಸದಿಂದ ದೂರವಿರುವುದು ಲೇಸು. ಆಮೇಲೆ ಪೀಪಾಯಿಯಲ್ಲಿ ಎರಡು ಲೀಟರು ಬಿಸಿನೀರಿಗೆ ಜೇಡಿಯ ಪುಡಿಯನ್ನು ಉದುರಿಸಿ ಕದಡಿ, ಪಾಕವನ್ನು ಸುರಿದು, ಚೀಲವನ್ನು ತೊಳೆದ ನೀರನ್ನೂ ಸೇರಿಸಿ, ಒಟ್ಟು 23 ಲೀಟರಾಗುವಂತೆ ಶುದ್ಧವಾದ ನೀರನ್ನು ತುಂಬಿ ಚೆನ್ನಾಗಿ ತಿರುವಬೇಕು. ಆಗ ಹೈಡ್ರಾಮೀಟರು 1.080ರಿಂದ 1.100ರ ಒಳಗೆ ನಿಲ್ಲುತ್ತದೆ. ಇದನ್ನು ತಪ್ಪದೆ ಬರೆದಿಡಬೇಕು. ರಸದ ಶಾಖವು 20ರಿಂದ 25 ಡಿಗ್ರಿ ಸೆಂಟಿಗ್ರೇಡಿನಲ್ಲಿರುವಾಗ ಹುದುಗನ್ನು ಮೇಲೆ ಉದುರಿಸಿ ಮುಚ್ಚಳ ಹಾಕಿ, ನೀರಿನ ಬಿರಡೆಯನ್ನು ಸಿಕ್ಕಿಸಿಡುವುದು.

ಒಂದೆರಡು ದಿವಸಗಳಲ್ಲಿ ಮೇಲೆ ನೊರೆ ಕಟ್ಟಿ, ಬಿರಡೆಯಲ್ಲಿ ಗುಳುಗುಳು ಶಬ್ದ ಕೇಳಿಸುತ್ತದೆ. ಹುದುಗು ಬರುವುದು ಜೀವಾಣುಗಳ ವ್ಯಾಪಾರವೆಂಬುದನ್ನು ಫ್ರಾನ್ಸಿನ ಲೂಯಿ ಪಾಸ್ಟರ್ ಮಹಾಶಯನು 1857ರಿಂದ ನಡೆಸಿದ ಪರೀಕ್ಷೆಗಳಿಂದ ತೋರಿಸಿಕೊಟ್ಟನು. ಈ ಜೀವಾಣುಗಳು ತಣ್ಣಗಿದ್ದರೆ ಮಲಗಿಬಿಡುತ್ತವೆ; ಶಾಖವು 30 ಡಿಗ್ರಿ ಮೀರಿದರೆ ವೇಗವಾಗಿ ಕೆಲಸಮಾಡಿ ಕೆಟ್ಟ ವಾಸನೆಯನ್ನು ಬಿಡುತ್ತವೆ. ಚಳಿದೇಶದವರು ಪೀಪಾಯಿಗೆ ಕಂಬಳಿ ಸುತ್ತುವುದು ಈ ಕಾರಣದಿಂದ. ವಾರ ಕಳೆದ ಮೇಲೆ ಸಾಂದ್ರತೆಯು 1.010ಕ್ಕೆ ಇಳಿದಿರುತ್ತದೆ. ಆಗ ತಳದ ಗಷ್ಟನ್ನು ಕದಡದೆ, ಕೊಳವೆಯಿಂದ ರಸವನ್ನು ಗಾಜಿನ ಬುರುಡೆಗೆ ಇಳಿಸಬೇಕು. ಇನ್ನೊಂದು ವಾರ ಅಥವಾ ಹತ್ತು ದಿವಸಗಳಲ್ಲಿ ಅದು 0.996ಕ್ಕೆ ಅಥವಾ ಅದಕ್ಕೂ ಕೆಳಗೆ ಬರುತ್ತದೆ. ನೀರಿಗಿಂತಲೂ ಹಗುರವಾಯಿತೆ ಎಂದು ಆಶ್ಚರ್ಯಪಡಬೇಕಾದುದಿಲ್ಲ. ಮದ್ಯಸಾರವು ನೀರಿಗಿಂತ ಹಗುರವಾದ ವಸ್ತು. ಎರಡು ದಿವಸ ಬಿಟ್ಟು ನೋಡಿದರೂ ಅಂಕಿಯು ಬದಲಾಗದಿದ್ದರೆ ಮಾತ್ರ ಹುದುಗು ಮುಗಿಯಿತೆಂದು ತಿಳಿಯತಕ್ಕದ್ದು. ಬಿರಡೆಯ ಶಬ್ದ ನಿಂತುದನ್ನೇ ನಂಬಿ ಸೀಸೆಗೆ ತುಂಬಿದವರ ಸೀಸೆಗಳು ಕಪಾಟಿನಲ್ಲಿ ಒಡೆದಿವೆ.

ಮೊದಲ ಅಂಕಿಯಲ್ಲಿ ಕಡೆಯ ಅಂಕಿಯನ್ನು ಕಳೆದು 131ರಿಂದ ಗುಣಿಸಿದರೆ ಮದ್ಯಸಾರದ ಪ್ರಮಾಣವು ಹೊರಡುತ್ತದೆ. 1.090ರಿಂದ ಆರಂಭವಾಗಿ 0.995ಕ್ಕೆ ನಿಂತರೆ ವ್ಯತ್ಯಾಸ 0.095, ಗುಣಿಸಲಾಗಿ ಸೇಕಡಾ ಸುಮಾರು ಹನ್ನೆರಡೂವರೆ.

ಆ ಬಳಿಕ ಮೆಟಾಬೈಸಲ್ಫೈಟನ್ನೂ ಸಾರ್ಬೇಟನ್ನೂ ಕರಗಿಸಿ ಹಾಕಿ, ರಸದಲ್ಲಿ ಸಿಕ್ಕಿಕೊಂಡಿರುವ ವಾಯುವು ಹೋಗುವವರೆಗೆ ಬಲವಾಗಿ ತಿರುವಬೇಕು. ಸಾರ್ಬೇಟು ಹುದುಗಿನ ಜೀವಾಣುಗಳನ್ನು ಕೊಲ್ಲುವುದಿಲ್ಲ, ಮತ್ತೆ ವೃದ್ಧಿಯಾಗದಂತೆ ತಡೆಯುತ್ತದೆ. ಆದುದರಿಂದಲೇ ಹುದುಗು ಮುಗಿಯುವ ಮೊದಲು ಅದನ್ನು ಹಾಕಿದರೆ ಪ್ರಯೋಜನವಿಲ್ಲ. ತಿಳಿಗೊಳಿಸುವ ದ್ರಾವಣವನ್ನು ಬೆರೆಸಿ, ಬುರುಡೆಯ ಕಂಠದವರೆಗೂ ತುಂಬಿ, ಎರಡು ವಾರ ಅಲುಗಿಸದೆ ಇಟ್ಟರೆ ಗಷ್ಟು ತಳಕ್ಕಿಳಿದು ಮೇಲೆ ತಿಳಿಯಾದ ಕೆಂಪು ರಸ ನಿಲ್ಲುತ್ತದೆ. ಈ ದ್ರಾವಣಗಳಲ್ಲಿ ಕೈಟೋಸಾನ್ ಎಂಬುದನ್ನು ಸಾಮಾನ್ಯವಾಗಿ ಸೀಗಡಿ, ಏಡಿಗಳ ಚಿಪ್ಪಿನಿಂದಲೂ, ಐಸಿಂಗ್ಲಾಸ್ ಎಂಬುದನ್ನು ಮೀನಿನ ಗಾಳಿಚೀಲದಿಂದಲೂ ತೆಗೆಯುತ್ತಾರೆ. ಮಾಂಸವರ್ಜಿತರು ಇದನ್ನು ವಿಚಾರಿಸದೆ ದ್ರಾಕ್ಷಿಯ ರಸವಷ್ಟೇ ಎಂದು ಭಾವಿಸುವುದುಂಟು. ಸೀಸೆಗೆ ತುಂಬಿ ಬಿರಡೆ ಹಾಕಿ ಕತ್ತಲಾದ ತಂಪು ಸ್ಥಳದಲ್ಲಿ ಮೂರು ತಿಂಗಳಾದರೂ ಇಟ್ಟ ಮೇಲೆಯೇ ರುಚಿ ಕೂಡಿಬರುತ್ತದೆ. ಗಾಳಿ ತಾಗಿದ ರಸವು ಬೇರೆ ಜೀವಾಣುಗಳಿಗೆ ಸಿಕ್ಕಿ ವಿನಿಗರ್ ಆಗಿಬಿಡುವುದು.

ಮನೆಯಲ್ಲಿ ಮಾಡಿದ ಮದ್ಯದಿಂದ ಕಣ್ಣು ಹೋಗುತ್ತದೆಂಬ ಭಯವು ನಮ್ಮ ಹಳ್ಳಿಗಳಲ್ಲಿದೆ. ಶುದ್ಧವಾದ ದ್ರಾಕ್ಷಿಯ ರಸವು ಹುದುಗಿದಾಗ ಮಿಥೈಲ್ ಮದ್ಯಸಾರವು ಅತ್ಯಲ್ಪವಾಗಿ ಮಾತ್ರ ಉಂಟಾಗುತ್ತದೆ. ಪ್ರಾಣವನ್ನೂ ದೃಷ್ಟಿಯನ್ನೂ ತೆಗೆದಿರುವುದು ಬಹುಮಟ್ಟಿಗೆ ಕಾರ್ಖಾನೆಯ ಮಿಥೈಲ್ ಮದ್ಯಸಾರವನ್ನು ಬೆರೆಸಿದ ಕಳ್ಳ ಸರಕು. ಇಷ್ಟರಿಂದ ಮದ್ಯವು ನಿರಪಾಯವೆಂದು ಅರ್ಥಮಾಡಬಾರದು. ಎಷ್ಟು ಶುದ್ಧವಾಗಿ ಮಾಡಿದರೂ ಕುಡಿತವು ಯಕೃತ್ತಿಗೆ ಮಾಡುವ ಹಾನಿ ತಪ್ಪುವುದಿಲ್ಲ.

ಮೂರನೆಯ ಪ್ರಶ್ನೆಯೇ ಬೆಳೆಗಾರನಿಗೆ ಮುಖ್ಯವಾದದ್ದು. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ 1920ರಿಂದ 1933ರವರೆಗೆ ಪಾನನಿರೋಧವು ಜಾರಿಯಲ್ಲಿತ್ತು. ಕ್ಯಾಲಿಫೋರ್ನಿಯಾದ ದ್ರಾಕ್ಷಿ ಬೆಳೆಗಾರರು ಹಾಳಾದೆವೆಂದು ಎಣಿಸಿದರು. ಆದರೆ ಮನೆಯ ಉಪಯೋಗಕ್ಕೆ ಹಣ್ಣಿನ ರಸವನ್ನು ತಯಾರಿಸಿಕೊಳ್ಳಲು ಕಾನೂನಿನಲ್ಲಿ ಸಂದಿಯಿದ್ದುದರಿಂದ, ಪೂರ್ವತೀರದ ಪಟ್ಟಣಗಳ ಜನರು ಗಾಡಿಗಟ್ಟಲೆ ದ್ರಾಕ್ಷಿಯನ್ನು ಕೊಂಡರು. ಬೆಲೆ ಏರಿತು. ನಯವಾದ ಸಿಪ್ಪೆಯ ಉತ್ತಮ ಜಾತಿಗಳನ್ನು ಕಿತ್ತುಹಾಕಿ, ರೈಲಿನಲ್ಲಿ ದಿನಗಟ್ಟಲೆ ಪಯಣಿಸಿದರೂ ಕೆಡದ, ದಪ್ಪ ಸಿಪ್ಪೆಯ ಅಲಿಕಾಂಟೆ ಬೂಷೆ ಎಂಬ ಜಾತಿಯನ್ನು ಎಲ್ಲರೂ ನೆಟ್ಟರು. ಕೆಲವೇ ವರ್ಷಗಳಲ್ಲಿ ಹಣ್ಣು ಮಿತಿಮೀರಿ ಬಂದು ಬೆಲೆ ಕುಸಿಯಿತು. ಆಗ ರಸವನ್ನು ಬತ್ತಿಸಿ ಪಾಕಮಾಡಿ ಮನೆಮನೆಗೆ ಮಾರುವ ಉಪಾಯ ಹೊರಟಿತು. ನ್ಯಾಯಾಲಯದ ತೀರ್ಪಾದ ಮೇಲೆ 1931ರಲ್ಲಿ ಅದೂ ನಿಂತಿತು. ಪಾನನಿರೋಧವು ತೆಗೆಯಲ್ಪಟ್ಟಾಗ ಒಳ್ಳೆಯ ಮದ್ಯಕ್ಕೆ ತಕ್ಕ ಬಳ್ಳಿಗಳೇ ಅಲ್ಲಿ ವಿರಳವಾಗಿದ್ದುವು.

ಬೆಂಗಳೂರು ನೀಲಿಯೂ ದಪ್ಪ ಸಿಪ್ಪೆಯ ಗಟ್ಟಿ ಜಾತಿಯೇ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಸೀಮೆಯಲ್ಲಿ ವರ್ಷಕ್ಕೆ ಎರಡು ಬೆಳೆ ಕೊಡುವ ಈ ಹಣ್ಣಿಗೆ 2013ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ರಸಕ್ಕೂ ಜಾಮಿಗೂ ಇದು ಉತ್ತಮ. ಮದ್ಯಕ್ಕಾದರೋ, ಇದರ ವಿಶಿಷ್ಟವಾದ ವಾಸನೆಯನ್ನು ವಿದೇಶದ ರುಚಿಗಾರರು ಒಪ್ಪುವುದಿಲ್ಲ. ಸಕ್ಕರೆಯೂ ಸಾಲದೆ ಬರುತ್ತದೆ. ನೂರು ಭಾಗ ರಸದಲ್ಲಿ 16 ಭಾಗ ಸಕ್ಕರೆಯಿದ್ದರೆ ಸೇಕಡಾ 9ರ ಸುಮಾರಿನ ಮದ್ಯವಾದೀತೆ ಹೊರತು ಹನ್ನೆರಡಾಗದು. ಪೆಟ್ಟಿಗೆಯ 23 ಲೀಟರಿಗೆ ಸಮನಾದ ರಸಕ್ಕೆ 30ರಿಂದ 35 ಕಿಲೋಗ್ರಾಂ ಹಣ್ಣು ಬೇಕು. ಎರಡು ಎಕರೆಯ ಹಣ್ಣನ್ನು ಮನೆಯ ಪೀಪಾಯಿಯಿಂದ ತೀರಿಸುವ ಯೋಚನೆಗೆ ಲೆಕ್ಕವೇ ಒಪ್ಪುವುದಿಲ್ಲ.

ಆದರೆ ಪೆಟ್ಟಿಗೆಯವರ ಹೈಡ್ರಾಮೀಟರಿನಿಂದ ನಮ್ಮ ಬೆಳೆಗಾರನು ಕಲಿಯಬೇಕಾದುದುಂಟು. ಮದ್ಯದ ಕಾರ್ಖಾನೆಯವರಾಗಲಿ ರಸದ ಕಾರ್ಖಾನೆಯವರಾಗಲಿ ಹಣ್ಣಿನ ಬಣ್ಣವನ್ನು ನೋಡಿ ತೃಪ್ತರಾಗುವುದಿಲ್ಲ, ಸಕ್ಕರೆಯ ಡಿಗ್ರಿಯನ್ನು ನೋಡುತ್ತಾರೆ. ಬೆಂಗಳೂರು ನೀಲಿಗೆ ಬಣ್ಣ ಬರುವುದು ಬೇಗ, ಸಿಹಿ ಬರುವುದು ತಡ. ಬಣ್ಣವನ್ನೇ ನಂಬಿ ವಾರ ಮೊದಲೇ ಕೊಯ್ದು, ತೂಕದ ಮನೆಯಲ್ಲಿ ಡಿಗ್ರಿ ಸಾಲದೆಂದು ಬೆಲೆ ಕಡಿಸಿಕೊಂಡು ಬರುವ ರೈತನ ಕೈಯಲ್ಲಿ ಅಳತೆಯ ಉಪಕರಣವಿದ್ದಿದ್ದರೆ ವಾದಿಸುವುದಕ್ಕಾದರೂ ಆಗುತ್ತಿತ್ತು. ಅಂಗೈಯಗಲದ ರಿಫ್ರಾಕ್ಟೋಮೀಟರಿಗೆ ಎರಡು ಹನಿ ರಸ ಸಾಕು. ಊರಿಗೊಂದನ್ನು ಕೂಡಿ ಕೊಂಡರೂ ನಡೆಯುತ್ತದೆ. ಬಳ್ಳಿಯ ಬಿಸಿಲಿನ ಮೈಯಿಂದಲೂ ನೆರಳಿನ ಮೈಯಿಂದಲೂ, ಗೊಂಚಲಿನ ಮೇಲ್ಭಾಗದಿಂದಲೂ ತುದಿಯಿಂದಲೂ ಹಣ್ಣು ತೆಗೆದು ಒಟ್ಟಿಗೆ ಹಿಸುಕಿ ನೋಡಬೇಕು. ಮೇಲ್ಭಾಗದ ಒಂದೇ ಹಣ್ಣನ್ನು ನೋಡಿದರೆ ತನ್ನನ್ನು ತಾನೇ ವಂಚಿಸಿಕೊಂಡಂತೆ.

2007ರ ದ್ರಾಕ್ಷಾರಸ ನೀತಿಯ ಬಳಿಕ ಮದ್ಯಕ್ಕೆಂದೇ ಕ್ಯಾಬರ್ನೆ ಸೊವಿನ್ಯಾನ್, ಶಿರಾಜ್ ಮೊದಲಾದ ಜಾತಿಗಳನ್ನು ನೆಡುವ ಆಸಕ್ತಿ ಹಲವರಿಗೆ ಹುಟ್ಟಿದೆ. ಇವುಗಳ ಹಣ್ಣು ಸಣ್ಣದು, ಬೀಜ ಹೆಚ್ಚು. ಕಾರ್ಖಾನೆಯವರು ಬೇಡವೆಂದ ದಿವಸ ಸಂತೆಯಲ್ಲಿ ಕೇಳುವವರಿಲ್ಲ. ಎಷ್ಟು ವರ್ಷ, ಯಾವ ಡಿಗ್ರಿಗೆ ಯಾವ ಬೆಲೆ, ಡಿಗ್ರಿಯನ್ನು ಅಳೆಯತಕ್ಕವರು ಯಾರು, ಮಳೆಯಿಂದ ಸಕ್ಕರೆ ಇಳಿದರೆ ನಷ್ಟ ಯಾರದು ಎಂಬಿವನ್ನೆಲ್ಲ ಬರಹದಲ್ಲಿ ಪಡೆಯುವವರೆಗೆ ನೀಲಿಯ ಬಳ್ಳಿಗೆ ಕೊಡಲಿ ಹಾಕಬಾರದೆಂದು ನಮ್ಮ ಸಲಹೆ.

ಪ್ರಶ್ನೆ ಕೇಳಿದ ಮಹನೀಯರು ಮುಂದಿನ ಸಲ ಮಗನ ಮನೆಗೆ ಹೋದಾಗ ಪೆಟ್ಟಿಗೆಯನ್ನು ಅಲ್ಲಿಯೇ ಬಿಟ್ಟು, ರಿಫ್ರಾಕ್ಟೋಮೀಟರೊಂದನ್ನು ತರಬಹುದು. ಸೊನ್ನೆಯಿಂದ 32 ಡಿಗ್ರಿಯವರೆಗೆ ಗುರುತುಳ್ಳದ್ದು ದ್ರಾಕ್ಷಿಗೆ ಸಾಕು. ಉಪಯೋಗಿಸುವ ಮುನ್ನ ಶುದ್ಧವಾದ ನೀರನ್ನು ಬಿಟ್ಟು ಅಂಕಿಯು ಸೊನ್ನೆಗೆ ನಿಲ್ಲುವಂತೆ ತಿರುಪನ್ನು ಸರಿಪಡಿಸಿಕೊಳ್ಳಬೇಕು.